ಇನ್ನೂರ ಹನ್ನೆರಡನೆಯ ಕೀರ್ತನೆ

"ನಾಳೆ ಹನ್ನೊಂದಕ್ಕೆ ಆರಾಧನೆ, ಹನ್ನೆರಡಕ್ಕೆ ಮಣ್ಣು. ಇನ್ನೂರ ಹನ್ನೆರಡು ನುಡಿಸ್ತೀನಿ. ಹೇಳಿ ಹೋಗೋಕೆ ಬಂದಿದ್ದೀನಿ, ಕೇಳಿ ಹೋಗೋಕಲ್ಲ."

ಬೇಕರಿಯವನ ಎರಡೂ ಕೈ ಮೊಣಕೈಯವರೆಗೆ ಹಿಟ್ಟಿನಲ್ಲಿದ್ದವು. ತಲೆಯೆತ್ತಿ ನೋಡಿದ. ಬಾಗಿಲಲ್ಲಿ, ಚರ್ಚಿನಲ್ಲಿ ಆರ್ಗನ್ ನುಡಿಸುವ ಆರ್ಗನ್ನಮ್ಮ ನಿಂತಿದ್ದಳು. ಎಡಗಾಲಿಗೊಂದು ಚಪ್ಪಲಿ, ಬಲಗಾಲಿಗೆ ಬೇರೆ ಜೊತೆಯದು. ಅವಳ ಅಣ್ಣ ಬೆಳಗಿನ ಆರಕ್ಕೆ ತೀರಿಕೊಂಡ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ಸಂತಾಪದ ಎರಡು ಮಾತನ್ನು ಬಾಯಲ್ಲಿ ಸಿದ್ಧ ಮಾಡಿಟ್ಟುಕೊಂಡಿದ್ದ. ಈ ಹೆಂಗಸು ಅದನ್ನಾಡಲೂ ಬಿಡಲಿಲ್ಲ.

"ಅಕ್ಕಾ, ಮೊದಲು ಕೂತ್ಕೊಳ್ಳಿ."

"ಕೂರೋಕೆ ಪುರುಸೊತ್ತಿಲ್ಲ. ಮನೆ ತುಂಬ ಜನ. ಎಲ್ಲರೂ ಅಳ್ತಾ ಕೂತಿದ್ದಾರೆ, ಒಬ್ಬರೂ ಒಂದು ಲೋಟ ತೊಳೀತಿಲ್ಲ."

"ಆ ಕೀರ್ತನೆ ಹಾಡಬಾರದು ಅಂತ ಕಮಿಟಿ ತೀರ್ಮಾನ ಆಗಿದೆಯಲ್ಲಕ್ಕಾ."

"ಕಮಿಟಿ ಅಂದ್ರೆ ನೀನು."

ಅದೇನೂ ಸುಳ್ಳಲ್ಲ. ಸಭೆಯ ಕಮಿಟಿಯಲ್ಲಿ ಏಳು ಜನ. ಅದರಲ್ಲಿ ನಾಲ್ವರು ನಿದ್ದೆ ಮಾಡುತ್ತಾರೆ, ಇಬ್ಬರು ತಲೆಯಾಡಿಸುತ್ತಾರೆ. ಉಳಿದವನು ಕಾರ್ಯದರ್ಶಿ, ಅಂದರೆ ಬೇಕರಿಯವನು.

ಆ ಕೀರ್ತನೆಯ ಕಥೆ ಹೀಗೆ. ನೂರು ವರ್ಷಕ್ಕೂ ಮೇಲಿನಿಂದ ಈ ಸಭೆಯವರು ಅದನ್ನು ಹಾಡಿಕೊಂಡು ಬಂದವರು. ದೀಕ್ಷಾಸ್ನಾನಕ್ಕೆ ಅದೇ, ಮದುವೆಗೆ ಅದೇ, ಮಣ್ಣಿಗೂ ಅದೇ. ಎಲ್ಲ ಜನಾಂಗಗಳಿಗೂ ದೇವರೊಬ್ಬನೇ ಅರಸ ಎನ್ನುವುದು ಅದರ ಒಟ್ಟು ಮಾತು. ಗಡಿಯಾಚೆಯ ಸಭೆಗಳಲ್ಲೂ ಅದೇ ರಾಗ, ಅವರ ಮಾತಿನಲ್ಲಿ. ಅರವತ್ತು ವರ್ಷದ ಹಿಂದೆ ಗಡಿಯಾಚೆ ಸರ್ಕಾರ ಉರುಳಿತು, ಹೊಸ ಸರ್ಕಾರಕ್ಕೆ ಹೊಸ ರಾಷ್ಟ್ರಗೀತೆ ಬೇಕಾಯಿತು. ಹೊಸ ರಾಗ ಕಟ್ಟುವ ತಾಪತ್ರಯ ಯಾಕೆಂದು ಅಲ್ಲಿಯ ಯಾರೋ ಪುಣ್ಯಾತ್ಮ ಇದನ್ನೇ ಎತ್ತಿಕೊಂಡ. ದೇವರ ಹೆಸರಿದ್ದಲ್ಲೆಲ್ಲ ದೇಶದ ಹೆಸರು ಹಾಕಿ ಕೈ ತೊಳೆದುಕೊಂಡ. ಮಧ್ಯದಲ್ಲೊಂದು ಯುದ್ಧವಾಯಿತು, ನಿಂತಿತು, ಜನ ಮರೆತರು. ಸಮಾಧಾನದ ಕಾಲದಲ್ಲಿ ಇದೊಂದು ನಗೆಚಾಟಿಕೆ. ಆದರೆ ಹೋದ ವರ್ಷ ಮತ್ತೆ ಯುದ್ಧ ಶುರುವಾಯಿತು. ಬೇಕರಿಯವನ ಒಬ್ಬನೇ ಮಗ ಗಡಿಯ ಕಂದಕಕ್ಕೆ ಹೋದ. ಆಮೇಲೆ ಯಾರಿಗೂ ನಗು ಬರಲಿಲ್ಲ.

ದಿನಾ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಆ ಕಡೆಯವರು ಧ್ವನಿವರ್ಧಕದಲ್ಲಿ ತಮ್ಮ ರಾಷ್ಟ್ರಗೀತೆ ಹಾಕುತ್ತಾರಂತೆ. ಅದು ಮುಗಿಯುತ್ತಿದ್ದಂತೆ ಗುಂಡು ಶುರು. ಮಗ ಫೋನಿನಲ್ಲಿ ಹೇಳಿದ್ದ, "ಅಪ್ಪಾ, ಗುಂಡಿನ ಸದ್ದಿಗೆ ಒಗ್ಗಿಕೊಂಡಿದ್ದೀನಿ. ಆ ರಾಗ ಬಂದ್ರೆ ಮಾತ್ರ ಕಿವಿ ಮುಚ್ಕೋತೀನಿ."

ಮರುದಿನವೇ ಬೇಕರಿಯವನು ಸಭೆಯ ನೂರ ಅರವತ್ತು ಕೀರ್ತನೆ ಪುಸ್ತಕಗಳನ್ನೂ ಅಂಗಡಿಗೆ ತರಿಸಿದ. ಮೈದಾ ಅಂಟು ಕಾಯಿಸಿದ. ಬ್ರೆಡ್ ಸುತ್ತುವ ಕಂದು ಕಾಗದವನ್ನು ಅಳತೆಗೆ ಕತ್ತರಿಸಿ, ಇನ್ನೂರ ಹನ್ನೆರಡರ ಮೇಲೆ ಒಂದೊಂದಾಗಿ ಅಂಟಿಸಿದ. ಯಾರನ್ನೂ ಕೈಹಾಕಲು ಬಿಡಲಿಲ್ಲ. ಮೂರು ಮಧ್ಯಾಹ್ನ ಹಿಡಿಯಿತು. ತಪ್ಪು ಪುಟ ಮುಚ್ಚಬಾರದಲ್ಲ ಎಂದು ಪ್ರತಿ ಸಲವೂ ಮೊದಲಿನಿಂದ ಕೊನೆಯವರೆಗೆ ಓದಿಯೇ ಅಂಟಿಸಿದ. ಅವನು ಇರುವುದೇ ಹಾಗೆ. ಬನ್ನನ್ನೂ ಎಣಿಸಿ ಎಣಿಸಿ ಒಲೆಗಿಡುವ ಮನುಷ್ಯ.

"ನೋಡು," ಎಂದಳು ಆರ್ಗನ್ನಮ್ಮ, ದನಿ ಸ್ವಲ್ಪ ಇಳಿಸಿ. "ಅಣ್ಣ ಕೇಳಿದ್ದು ಅದೊಂದೇ. ಹೋದ ವಾರ ನನ್ನ ಕೈ ಹಿಡ್ಕೊಂಡು, ಬೇರೆ ಏನು ಬೇಕಾದ್ರೂ ಬಿಡು, ಇನ್ನೂರ ಹನ್ನೆರಡು ಬಿಡಬೇಡ ಅಂದ. ಆಯ್ತು ಅಂದೆ. ಅವನು ಒಂದು ಕಾಲು ಆ ದೇಶಕ್ಕೆ ಕೊಟ್ಟು ಬಂದವನು. ಅವನಿಗಿಲ್ಲದ ರೋಷ ನಿಮಗೆಲ್ಲಿಂದ ಬಂತು?"

ಅಣ್ಣನನ್ನು ಊರೆಲ್ಲ ಕರೆಯುತ್ತಿದ್ದುದು ಮರಗಾಲಣ್ಣ ಎಂದು. ಬಡಗಿ. ಹಿಂದಿನ ಯುದ್ಧದಲ್ಲಿ ಗಡಿ ದಾಟಿ ಹನ್ನೆರಡು ಮೈಲಿ ಒಳಗೆ ಹೋದಾಗ ಬಲಗಾಲು ಹೋಯಿತು. ಬಿಡಾರದ ಡಾಕ್ಟರು ಅದನ್ನು ಅಲ್ಲೇ ಯಾರದೋ ಹೊಲದ ಬದಿಯಲ್ಲಿ ಹೂಳಿಸಿದರು. ವಾಪಸು ಬಂದವನು ಸರ್ಕಾರ ಕೊಟ್ಟ ಕಾಲನ್ನು ಎರಡೇ ದಿನ ಕಟ್ಟಿಕೊಂಡು, "ಇದನ್ನ ಮಾಡಿದವನು ಕುರ್ಚಿನೂ ಮಾಡಿರಲಾರ" ಎಂದು ಬೈದು, ಸಾಗುವಾನಿಯಲ್ಲಿ ತಾನೇ ಒಂದು ಕೆತ್ತಿಕೊಂಡ. ಅದರ ಪಾದ ಎಷ್ಟು ಸಮವಾಗಿತ್ತೆಂದರೆ, ಬಿಚ್ಚಿಟ್ಟರೆ ಗೋಡೆಗೆ ಒರಗಿಸುವ ಹಂಗಿಲ್ಲದೆ ತಾನಾಗಿಯೇ ನಿಲ್ಲುತ್ತಿತ್ತು. ಮನೆಗೆ ಬಂದವರಿಗೆಲ್ಲ ಅದನ್ನು ನಿಲ್ಲಿಸಿ ತೋರಿಸುವುದು ಅವನಿಗೆ ಐವತ್ತು ವರ್ಷದ ಖುಷಿ.

"ರೋಷ ಅಲ್ಲಕ್ಕಾ." ಬೇಕರಿಯವನು ಹಿಟ್ಟನ್ನು ಮಗುಚಿ ಹಾಕಿ ಗುದ್ದಿದ. "ಹನ್ನೊಂದು ದಿನ ಆಯ್ತು. ಫೋನಿಲ್ಲ."

ಅವಳು ಬಾಗಿಲಿಂದ ಒಂದು ಹೆಜ್ಜೆ ಒಳಗೆ ಬಂದಳು. ಇದು ಅವಳಿಗೆ ಗೊತ್ತಿರಲಿಲ್ಲ. ಅಣ್ಣನ ಕೊನೆಯ ದಿನಗಳ ಓಡಾಟದಲ್ಲಿ ಯಾರು ಹೇಳಬೇಕು?

"ದಿನಾ ಎಂಟಕ್ಕೆ ಗಡಿಯಾರ ನೋಡ್ತೀನಿ. ಈಗ ಅಲ್ಲಿ ಅದು ಶುರುವಾಯ್ತು, ಈಗ ಮುಗೀತು, ಈಗ ಹೊಡೀತಾರೆ ಅಂತ. ಆ ರಾಗ ಸಭೆ ಒಳಗೂ ಬಂದ್ರೆ ನಾನು ಎಲ್ಲಿಗೆ ಹೋಗಲಿ? ಇನ್ನೊಂದು ಮಾತು. ಆ ಕಡೆಯೂ ಸಭೆಗಳಿವೆ. ಅವರೂ ಮೊಣಕಾಲೂರಿ, ನೀನೇ ಅರಸ, ನಮ್ಮನ್ನ ಗೆಲ್ಲಿಸು ಅಂತಾರೆ. ನಾವೂ ಅಂತೀವಿ. ಅವನು ಯಾರ ಮಾತು ಕೇಳ್ಬೇಕು?"

"ನಿಮ್ಮ ಕಮಿಟಿಯಲ್ಲೂ ಜಗಳಕ್ಕೆ ಮುಂಚೆ ಎರಡೂ ಗುಂಪಿನವರು ಪ್ರಾರ್ಥನೆ ಮಾಡೇ ಕೂರ್ತೀರಲ್ಲ. ಅದಕ್ಕೆ ದೇವರು ಇಬ್ಬರಾದನಾ? ಕೇಳೋದು ನಮ್ಮ ಕೆಲಸ ಕಣೋ. ಆಳೋದು ಅವನದು. ಅಣ್ಣ ಏನಂತಿದ್ದ ಗೊತ್ತಾ? ಆ ದೇಶದವರೆಲ್ಲ ದಿನಾ ಬೆಳಿಗ್ಗೆ ಎದ್ದು ನೆಟ್ಟಗೆ ನಿಂತ್ಕೋತಾರಲ್ಲ, ಸಿಪಾಯಿಯಿಂದ ಮಂತ್ರಿವರೆಗೆ, ಅದು ಯಾರ ರಾಗಕ್ಕೆ? ಪಾಪ, ಅವರಿಗೇ ಗೊತ್ತಿಲ್ಲ. ಮಾತು ಬದಲಾಯಿಸಿಕೊಂಡ್ರು, ಅರಸನ್ನ ಬದಲಾಯಿಸೋಕಾಗುತ್ತಾ? ಹೀಗಂದು ಕೆಮ್ಮು ಬರೋವರೆಗೂ ನಗ್ತಿದ್ದ."

"ಅಣ್ಣನಿಗೆ ನಗು. ಕಂದಕದಲ್ಲಿರೋದು ನನ್ನ ಮಗ."

"ಅವನೂ ಕಂದಕದಲ್ಲಿದ್ದವನೇ. ನಿನ್ನ ಹಾಗೆ ಬ್ರೆಡ್ ಸುಡ್ತಾ ಇರಲಿಲ್ಲ."

ಆಡಿದ ಮೇಲೆ ಇದು ಹೆಚ್ಚಾಯಿತು ಎಂದು ಅವಳಿಗೇ ಅನ್ನಿಸಿತು. ಆದರೆ ಹೇಳಿದ್ದನ್ನು ವಾಪಸು ತೆಗೆದುಕೊಳ್ಳುವ ಅಭ್ಯಾಸ ಆ ಮನೆತನದಲ್ಲೇ ಇಲ್ಲ.

ಬೇಕರಿಯವನು ಕೈಗಂಟಿದ ಹಿಟ್ಟನ್ನು ಬೆರಳು ಬೆರಳಿನಿಂದಲೂ ಬಿಡಿಸಿಕೊಂಡ. "ನುಡಿಸಿ ಅಕ್ಕಾ. ಪೆಟ್ಟಿಗೆಗೆ ಹೆಗಲು ಕೊಡ್ತೀನಿ, ಅದು ನನ್ನ ಋಣ. ಆದ್ರೆ ಆ ರಾಗ ಶುರುವಾದ ಕ್ಷಣ ನಾನು ಬಾಗಿಲಾಚೆ. ನನ್ನ ಹಿಂದೆ ಇನ್ನೂ ಹತ್ತು ಮನೆಯವರು ಏಳ್ತಾರೆ, ಎಲ್ಲರ ಮಕ್ಕಳೂ ಅಲ್ಲೇ ಇದ್ದಾರೆ. ಖಾಲಿ ಬೆಂಚುಗಳಿಗೆ ನುಡಿಸಿ ಅಣ್ಣನ್ನ ಕಳಿಸ್ತೀರಾ, ಯೋಚನೆ ಮಾಡಿ."

ಮಧ್ಯಾಹ್ನ ಅಯ್ಯನವರು ಆರ್ಗನ್ನಮ್ಮನ ಮನೆಗೆ ಬಂದರು. ಮೂವತ್ತೆರಡರ ಪ್ರಾಯದ ಪಾದ್ರಿ, ಈ ಸಭೆಗೆ ಬಂದು ಎಂಟು ತಿಂಗಳು. ಎಲ್ಲರನ್ನೂ ಖುಷಿಯಾಗಿಡಬೇಕೆಂಬ ಹುಚ್ಚು ಇನ್ನೂ ಬಿಟ್ಟಿರಲಿಲ್ಲ. ಒಂದು ರಾಜಿ ಸೂತ್ರ ತಂದಿದ್ದರು.

"ಅಮ್ಮಾ, ನುಡಿಸಿ. ಆದರೆ ಯಾರೂ ಎದ್ದು ನಿಲ್ಲೋದು ಬೇಡ. ಕೂತೇ ಹಾಡೋಣ. ಎದ್ದು ನಿಂತರೆ ತಾನೇ ರಾಷ್ಟ್ರಗೀತೆಗೆ ಮರ್ಯಾದೆ ಕೊಟ್ಟ ಹಾಗೆ?"

ಆರ್ಗನ್ನಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಅಯ್ಯನವರೇ, ನನ್ನ ಅಣ್ಣ ಬೇರೆ ಯಾವ ಕೀರ್ತನೆಗೂ ಏಳ್ತಾ ಇರಲಿಲ್ಲ. ಏಳೋದು ಅವನಿಗೆ ಕಷ್ಟ. ಇದಕ್ಕೆ ಮಾತ್ರ, ಹಿಂದಿನ ಪ್ರಾರ್ಥನೆ ಮುಗಿಯೋ ಮುಂಚೆಯೇ ಮುಂದಿನ ಬೆಂಚು ಹಿಡ್ಕೊಂಡು ಏಳೋಕೆ ಶುರು ಮಾಡ್ತಿದ್ದ. ಆಮೆನ್ ಅನ್ನೋ ಹೊತ್ತಿಗೆ ನಿಂತಿರ್ತಿದ್ದ. ಒಂಟಿ ಕಾಲಿನವನು ಎದ್ದಿದ್ದಕ್ಕೆ ಎರಡು ಕಾಲಿನವರು ಕೂರ್ತೀರಾ?"

"ಹಾಗಲ್ಲ..."

"ಅವನು ಇನ್ನೊಂದು ಮಾತೂ ಹೇಳಿದ್ದಾನೆ, ಕೇಳಿಸ್ಕೊಳ್ಳಿ. ಮರದ ಕಾಲನ್ನ ಪೆಟ್ಟಿಗೆ ಒಳಗೆ ಇಡಬೇಡಿ, ಬೇಕರಿ ಒಲೆಗೆ ಕೊಡಿ ಅಂತ. ಯಾಕೋ ಅಂದೆ. ಕರ್ತನು ಕರೆದ ದಿನ ನನ್ನ ಸ್ವಂತ ಕಾಲು ಆ ದೇಶದ ಹೊಲದಿಂದ ಎದ್ದು ಬರುತ್ತೆ, ಅದಕ್ಕೆ ಗಡಿಯಲ್ಲಿ ಯಾರು ಪಾಸ್‌ಪೋರ್ಟ್ ಕೇಳ್ತಾರೆ, ಅಲ್ಲಿ ಮಣ್ಣು ಯಾರದು ಇಲ್ಲಿ ಮಣ್ಣು ಯಾರದು ಅಂದ. ನೀವು ಓದಿದವರು, ಅವನು ಹೇಳಿದ್ದು ತಪ್ಪಾ?"

ಅಯ್ಯನವರು ಅಡುಗೆಮನೆಗೆ ಹೋದರು. ಮುಸುರೆ ಲೋಟಗಳನ್ನೆಲ್ಲ ಒಟ್ಟು ಮಾಡಿ, ತೋಳು ಮಡಚಿಕೊಂಡು ತೊಳೆಯಲು ಕೂತರು. ಅವರು ಕೊಟ್ಟ ಉತ್ತರ ಅದೇ. ಆರ್ಗನ್ನಮ್ಮನಿಗೆ ಆ ಮನುಷ್ಯ ಮೊದಲ ಬಾರಿಗೆ ಹಿಡಿಸಿದ.

ಮರುದಿನ ಸಭೆ ತುಂಬಿತ್ತು. ಪೆಟ್ಟಿಗೆ ಹೊತ್ತ ನಾಲ್ವರಲ್ಲಿ ಮುಂದಿನ ಎಡಗಡೆಯವನು ಬೇಕರಿಯವನು. ಪೆಟ್ಟಿಗೆಯನ್ನು ಪೀಠದ ಮುಂದೆ ಇಳಿಸಿದ. ಆ ಪೀಠ ಮರಗಾಲಣ್ಣನೇ ಮಾಡಿದ್ದು. ಆಮೇಲೆ ತನ್ನ ಬೆಂಚಿಗೆ ಹೋಗದೆ ನೇರ ಹಿಂದಕ್ಕೆ ನಡೆದು ಬಾಗಿಲ ಪಕ್ಕ ನಿಂತ. ಎಲ್ಲರೂ ನೋಡಿದರು. ಗಂಡುಮಕ್ಕಳನ್ನು ಗಡಿಗೆ ಕಳಿಸಿದ ಹತ್ತು ಮನೆಯವರು ಬೆಂಚಿನ ತುದಿತುದಿಯಲ್ಲೇ ಕೂತಿದ್ದರು.

ವಾಚನ ಆಯಿತು. ಪ್ರಾರ್ಥನೆ ಆಯಿತು. ಅಯ್ಯನವರು ಗಂಟಲು ಸರಿಮಾಡಿಕೊಂಡು, "ಇನ್ನೂರ ಹನ್ನೆರಡು. ಏಳೋಣ" ಎಂದರು. ಕೂರೋಣ ಎನ್ನಲಿಲ್ಲ.

ಆರ್ಗನ್ನಮ್ಮ ಪೆಡಲ್ ತುಳಿದಳು. ಹಳೆಯ ಆರ್ಗನ್ ಮೊದಲು ಒಮ್ಮೆ ಉಸಿರೆಳೆದುಕೊಳ್ಳುತ್ತದೆ, ಆಮೇಲೆ ಹಾಡುತ್ತದೆ. ಮೊದಲ ಸಾಲನ್ನು ಒಬ್ಬಳೇ ನುಡಿಸಿದಳು. ಹಿಂದೆ ಬಟ್ಟೆಗಳ ಸರಪರ, ಬೆಂಚುಗಳ ಕಿರುಗುಟ್ಟು. ಜನ ಏಳುತ್ತಿದ್ದಾರೋ ಹೊರಗೆ ಹೋಗುತ್ತಿದ್ದಾರೋ ತಿಳಿಯಲಿಲ್ಲ. ಅವಳು ತಿರುಗಿ ನೋಡಲಿಲ್ಲ. ನೋಡಿದರೆ ಕೈ ತಪ್ಪುತ್ತದೆ ಎಂದು ಗೊತ್ತಿತ್ತು.

ಪುಸ್ತಕ ತೆರೆದವರಿಗೆ ಕಂದು ಕಾಗದ. ಕೆಲವು ಪುಸ್ತಕಗಳಲ್ಲಿ ಜಿರಳೆಗಳು ಮೈದಾ ರುಚಿಗೆ ಕಾಗದವನ್ನೂ ತಿಂದು, ಅದರಡಿಯ ಅಕ್ಷರವನ್ನೂ ಅಲ್ಲಲ್ಲಿ ತಿಂದಿದ್ದವು. ಕೆಲವರು ಉಗುರಿನಿಂದ ಕೆರೆದು ನೋಡಿದರು. ಕಾಗದದ ಜೊತೆಗೆ ಅಚ್ಚೂ ಎದ್ದು ಬಂತು. ಬೇಕರಿಯವನ ಅಂಟು ಅಂದರೆ ಅಂಟು.

ಮೊದಲನೆಯ ಚರಣ ಎಲ್ಲರಿಗೂ ಬಾಯಿಗೆ ಬರುತ್ತಿತ್ತು. ಸಣ್ಣದಾಗಿ ಶುರುವಾಗಿ ಕೊನೆಗೆ ಸುಮಾರಾಗಿ ಕೇಳಿಸಿತು. ಎರಡನೆಯದಕ್ಕೆ ಅಜ್ಜಿಯರು ಮಾತ್ರ ಉಳಿದರು. ಮೂರನೆಯದಕ್ಕೆ ಬಂದಾಗ ಯಾರೂ ಇಲ್ಲ. ಬೇಡವೆಂದಲ್ಲ, ಪದವೇ ಗೊತ್ತಿಲ್ಲ. ನೂರು ವರ್ಷ ಪುಸ್ತಕ ನೋಡಿಕೊಂಡೇ ಹಾಡಿದ ಸಭೆ ಅದು. ಆರ್ಗನ್ ಒಂದೇ ನಡೆಯಿತು. ಒಂದು ಸಾಲು ಹೀಗೇ ಖಾಲಿ ಹೋಯಿತು. ನಿನ್ನೆ ಬೇಕರಿಯವನು ಹೇಳಿದ ಖಾಲಿ ಬೆಂಚುಗಳು ಇವೇ ಎಂದು ಆರ್ಗನ್ನಮ್ಮನಿಗೆ ಅನ್ನಿಸಿತು. ಅಷ್ಟೂ ಬೆಂಚುಗಳ ಮುಂದೆ ಜನ ನಿಂತಿದ್ದರೂ. ಎರಡನೆಯ ಸಾಲಿಗೆ ನಿಲ್ಲಿಸಿಬಿಡಲೇ ಎಂದುಕೊಂಡಳು. ಕಾಲು ಮಾತ್ರ ಪೆಡಲ್ ತುಳಿಯುತ್ತಲೇ ಇತ್ತು.

ಆಗ ಹಿಂದಿನಿಂದ ಒಂದು ದನಿ, ಚರಣದ ಮೊದಲಿನಿಂದಲೇ, ಎದ್ದಿತು. ಶ್ರುತಿಗಿಂತ ಅರ್ಧ ಮನೆ ಕೆಳಗೆ, ಹಲಗೆ ಎಳೆದ ಹಾಗೆ.

ಆ ದನಿ ಅವಳಿಗೆ ಗೊತ್ತು. ಮೂವತ್ತು ವರ್ಷದ ಹಿಂದೆ, "ನಿನ್ನ ಬಾಯಿ ಬನ್ನು ತಿನ್ನೋಕೆ ಸರಿ" ಎಂದು ಹೇಳಿ ಗಾಯನ ಮಂಡಳಿಯಿಂದ ಅವಳೇ ಹೊರಗೆ ಹಾಕಿದ ದನಿ.

*ಬಿಲ್ಲ ಮುರಿವವ ನೀನು, ಕಲ್ಲ ಕರಗಿಪ ನೀನು,*
*ಎಲ್ಲೆಯೆಲ್ಲಕು ಒಡೆಯ ನೀನು;*
*ಬಲ್ಲವರ ದೊರೆ ನೀನು, ಒಲ್ಲೆನುವರ ದೊರೆ ನೀನು,*
*ಎಲ್ಲ ಜನಾಂಗದರಸ ನೀನು.*

ಇಡೀ ಸಭೆಯಲ್ಲಿ ಆ ಚರಣ ಬಾಯಿಗೆ ಬರುತ್ತಿದ್ದುದು ಅವನೊಬ್ಬನಿಗೇ. ನೂರ ಅರವತ್ತು ಸಲ ಓದಿ ನೂರ ಅರವತ್ತು ಸಲ ಮುಚ್ಚಿದವನು. ಬಾಗಿಲ ಚಿಲಕದ ಮೇಲೆ ಅವನ ಒಂದು ಕೈ ಹಾಗೇ ಇತ್ತು. ಕಣ್ಣು ಪೆಟ್ಟಿಗೆಯ ಮೇಲಿತ್ತು. ರಾಗಕ್ಕಿಂತ ಹಿಂದೆ ಬಿದ್ದು, ಆಮೇಲೆ ಓಡಿ ಬಂದು ಹಿಡಿದು, ಹೇಗೋ ಮುಗಿಸಿದ. ಮುಗಿಸಿ ನಿಲ್ಲಿಸಲಿಲ್ಲ. ನಾಲ್ಕನೆಯದರ ಒಂದೊಂದು ಸಾಲನ್ನೂ ಮೊದಲು ಗಟ್ಟಿಯಾಗಿ ಹೇಳಿಕೊಟ್ಟ, ಅಂಗಡಿಯಲ್ಲಿ ಗಿರಾಕಿಯ ಪಟ್ಟಿ ಓದುವ ಹಾಗೆ. ಜನ ಅವನ ಹಿಂದೆ ಹಾಡಿದರು. ಆ ಹತ್ತು ಮನೆಯವರೂ ಹಾಡಿದರು. ಪೆಟ್ಟಿಗೆ ಎತ್ತುವಾಗ ಅವನು ಮುಂದಿನ ಎಡಗಡೆಗೇ ಬಂದು ನಿಂತ. ಆರ್ಗನ್ನಮ್ಮ ಅವನ ಮುಖ ನೋಡಲಿಲ್ಲ. ಅವನೂ ನೋಡಲಿಲ್ಲ.

ಮಣ್ಣಾಗಿ ನಾಲ್ಕನೆಯ ದಿನ ಬೆಳಿಗ್ಗೆ ಅವಳು ಬೇಕರಿಗೆ ಬಂದಳು. ಕಂಕುಳಲ್ಲಿ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಮರದ ಕಾಲು.

"ತಗೋ. ಒಲೆಗೆ ಹಾಕು ಅಂದಿದ್ದಾನೆ."

ಬೇಕರಿಯವನು ಬಟ್ಟೆ ಬಿಚ್ಚಿದ. ಸಾಗುವಾನಿ ಐವತ್ತು ವರ್ಷದ ಎಣ್ಣೆ ಕುಡಿದು ಜೇನಿನ ಬಣ್ಣಕ್ಕೆ ತಿರುಗಿತ್ತು. ಒಲೆಯ ಕಡೆ ನೋಡಿದ. ಮತ್ತೆ ಕಾಲನ್ನು ನೋಡಿದ. "ಇದನ್ನ ಸುಟ್ಟರೆ ಬ್ರೆಡ್ಡಿಗೆ ಬಡಗಿ ವಾಸನೆ ಬರುತ್ತೆ" ಎಂದು ಹಿಟ್ಟಿನ ಮೂಟೆಗಳ ಪಕ್ಕ ನೆಲದ ಮೇಲೆ ಇಟ್ಟ.

"ಹಠಮಾರಿ."

"ನಿಮ್ಮ ಶಿಷ್ಯ ಅಲ್ವಾ ಅಕ್ಕಾ?"

"ಶಿಷ್ಯನಂತೆ. ಮೂರನೇ ಚರಣದಲ್ಲಿ ಎರಡು ಕಡೆ ತಾಳ ತಪ್ಪಿದೆ. ಸತ್ತವನಿಗೂ ಎಚ್ಚರ ಆಗಿರುತ್ತೆ."

"ಆಗಲಿ ಬಿಡಿ. ಏಳೋ ಅಭ್ಯಾಸ ಅವರಿಗೆ ಇದ್ದೇ ಇದೆ."

ಅವಳು ಸ್ಟೂಲಿನ ಮೇಲೆ ಕೂತಳು. ಮಗನ ಫೋನು ಬಂತೇ ಎಂದು ಕೇಳುವ ಅಗತ್ಯ ಇರಲಿಲ್ಲ. ಹಿಟ್ಟು ನಾದುತ್ತ ನಾದುತ್ತ ಅವನು ಗೋಡೆಯ ಗಡಿಯಾರವನ್ನು ಆಗಲೇ ಮೂರು ಸಲ ನೋಡಿದ್ದ. ಎಂಟಕ್ಕೆ ಒಂದು ನಿಮಿಷ.

ಹಲಗೆಯ ಮೇಲಿದ್ದ ಫೋನು ಗುಂಯ್ಗುಟ್ಟುತ್ತ ತಿರುಗಿತು. ಬೇಕರಿಯವನು ಅದನ್ನು ನೋಡಿ ಕಲ್ಲಾದ. ಕೈ ಎರಡೂ ಹಿಟ್ಟಿನೊಳಗೆ.

"ಒತ್ತಿ ಅಕ್ಕಾ, ಒತ್ತಿ! ಹಸಿರು ಬಣ್ಣದ್ದು! ಸ್ಪೀಕರ್‌ಗೆ ಹಾಕಿ!"

"ಗೊತ್ತು, ಕೂಗಬೇಡ."

"ಅಪ್ಪಾ?" ಎಂದಿತು ಫೋನು.

ಬೇಕರಿಯವನು ಹಿಟ್ಟನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡ. ಆರ್ಗನ್ನಮ್ಮ ಬಾಗಿ, "ಇದ್ದಾನೆ ಕಣೋ, ಕೈ ಹಿಟ್ಟಿನಲ್ಲಿದೆ. ನೀನು ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದಳು.

"ಟವರ್ ಉರುಳಿಸಿಬಿಟ್ಟಿದ್ರು ಅಜ್ಜಿ. ನೆನ್ನೆ ಸಂಜೆ ಸರಿ ಆಯ್ತು. ಸಾಲು ನಿಂತು ನಿಂತು ಈಗ ನನ್ನ ಸರದಿ ಬಂತು. ಅಪ್ಪಾ, ಚೆನ್ನಾಗಿದ್ದೀನಿ. ಭುಜಕ್ಕೆ ಸ್ವಲ್ಪ ತರಚಿದೆ, ಅಷ್ಟೇ. ಅಮ್ಮನಿಗೆ ಹೇಳು."

"ಊಟ?" ಎಂದ ಬೇಕರಿಯವನು. ಹದಿನೈದು ದಿನ ಕಾದವನ ಬಾಯಿಂದ ಬಂದ ಮೊದಲ ಮಾತು ಅದು.

"ಆಗ್ತಿದೆ. ಬ್ರೆಡ್ಡು ಇಟ್ಟಿಗೆ ಥರ ಇರುತ್ತೆ. ನೀನು ನೋಡಿದ್ರೆ ಯುದ್ಧ ಬಿಟ್ಟು ಅಡುಗೆಯವನನ್ನ ಹೊಡೀತೀಯ." ಮಗ ನಕ್ಕ. ನಗು ಅರ್ಧಕ್ಕೆ ನಿಂತಿತು. ಫೋನಿನಲ್ಲಿ ದೂರದಿಂದ ಏನೋ ಗರಗರ ಎಂದಿತು. ಆಮೇಲೆ ತಗಡಿನ ಸ್ವರದಲ್ಲಿ ತುತ್ತೂರಿಗಳು ಎದ್ದವು. "ಶುರುವಾಯ್ತು ನೋಡಪ್ಪಾ, ಅವರದ್ದು. ಇಡ್ತೀನಿ."

"ಇಡಬೇಡ."

"ಅಪ್ಪಾ, ಇದು ಮುಗಿದ ಮೇಲೆ..."

"ಗೊತ್ತು ಕಣೋ. ಇಡಬೇಡ, ತಲೆ ತಗ್ಗಿಸಿ ಅಲ್ಲೇ ಕೂತ್ಕೋ. ಕೇಳಿಸ್ಕೋ. ಅದು ಅವರದ್ದಲ್ಲ. ನಿನ್ನ ದೀಕ್ಷಾಸ್ನಾನದ ದಿನ ಈ ಅಜ್ಜಿ ನುಡಿಸಿದ್ದು. ಅವರು ಬಾಜಾ ಬಾರಿಸಲಿ, ನಾವು ಹಾಡೋಣ."

ಹಾಡಿದ. ಬಿಲ್ಲ ಮುರಿವವ ನೀನು ಎಂಬಲ್ಲಿಂದಲೇ ಎತ್ತಿಕೊಂಡ. ಆ ಕಡೆಯ ತುತ್ತೂರಿಗಿಂತ ಅರ್ಧ ಮನೆ ಕೆಳಗೆ, ಸ್ವಲ್ಪ ಹಿಂದೆ. ಫೋನಿನಿಂದ ಮೊದಲು ಬಂದದ್ದು ಮಗನ ನಗು, ಅಪ್ಪನ ಶ್ರುತಿ ಕೇಳಿ ತಡೆಯಲಾರದೆ ಬಂದ ನಗು. ಎರಡನೆಯ ಸಾಲಿಗೆ ನಗು ನಿಂತಿತು. ಮೂರನೆಯದಕ್ಕೆ ಅಲ್ಲಿಂದಲೂ ಪಿಸುದನಿಯಲ್ಲಿ ಕೊನೆಕೊನೆಯ ಪದಗಳು ಬರತೊಡಗಿದವು. ನೀನು, ನೀನು, ನೀನು.

ಆರ್ಗನ್ನಮ್ಮ ಯಾವಾಗ ಎದ್ದು ನಿಂತಳೋ ಅವಳಿಗೇ ಗೊತ್ತಿಲ್ಲ. ಹಿಟ್ಟು ಚೆಲ್ಲಿದ ಹಲಗೆಯ ಮೇಲೆ ಅವಳ ಹತ್ತು ಬೆರಳೂ ತಮ್ಮ ಪಾಡಿಗೆ ನಡೆಯುತ್ತಿದ್ದವು, ಬಲಗಾಲು ಇಲ್ಲದ ಪೆಡಲನ್ನು ತುಳಿಯುತ್ತಿತ್ತು. ಶ್ರುತಿ ಸರಿ ಮಾಡು ಎನ್ನಲಿಲ್ಲ. ಒಲೆಯ ಬಾಯಿಂದ ಬೆಳಕು ಮೂಟೆಗಳ ಮೇಲೆ ಬೀಳುತ್ತಿತ್ತು. ಅದರ ಪಕ್ಕದಲ್ಲಿ ಯಾವುದಕ್ಕೂ ಒರಗದೆ ಮರದ ಕಾಲು ನೆಟ್ಟಗೆ ನಿಂತಿತ್ತು.